ಹುಲಿಯನ್ನೂ ಕಾಣಲಿಲ್ಲ, ಹಗ್ಗವನ್ನೂ ಕಾಣಲಿಲ್ಲ

ಗಂಗೊಳ್ಳಿ
ಗುರುವಾರ, 14 ನವೆಂಬರ್ 2024
ಮಧ್ಯಾಹ್ನದ ಊಟವಾದ ಮೇಲೆ

ಪ್ರಾತಃಸ್ಮರಣೀಯಳೂ, ರೋಗಿಗಳ ಪಾಲಿನ ಕಾಮಧೇನುವೂ, ಸ್ವಂತ ತಮ್ಮನ ನಂಬರನ್ನು ಒಂದೇ ಬೆರಳಿನಿಂದ ಬ್ಲಾಕ್ ಮಾಡಿದ ವೀರವನಿತೆಯೂ ಆದ ಶ್ರೀಲತಕ್ಕನ ಪಾದಾರವಿಂದಗಳಿಗೆ,

ನಿನ್ನ ತಮ್ಮ ಅಕ್ಷಯನ ದೀರ್ಘದಂಡ ನಮಸ್ಕಾರಗಳು. ನೀನು ಕ್ಷೇಮವೇ ಎಂದು ಕೇಳುವ ಅರ್ಹತೆ ಸದ್ಯಕ್ಕೆ ನನಗಿಲ್ಲ. ಫೋನ್ ಮಾಡಿದರೆ ಒಂದೇ ಸಲ ಕುಂಯ್ ಎಂದು ಸತ್ತುಹೋಗುತ್ತದೆ. ಅಮ್ಮನ ಫೋನಿನಿಂದ ಮಾಡಿದರೆ ನನ್ನ ಉಸಿರು ಕೇಳಿದ ಕೂಡಲೇ ರಾಂಗ್ ನಂಬರ್ ಅನ್ನುತ್ತೀಯ. ಹಾಗಾಗಿ ಅಂಚೆ ಇಲಾಖೆಯ ಮೊರೆ ಹೊಕ್ಕಿದ್ದೇನೆ. ಕಿಟಕಿಯಲ್ಲಿ ಲಕೋಟೆ ಕೇಳಿದ್ದಕ್ಕೆ ಒಳಗಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೇಲಿ ಯಾರ್ ತೀರ್ಕಂಡಿರ್ ಎಂದು ಮೆಲ್ಲಗೆ ವಿಚಾರಿಸಿದರು. ಅಂಥ ಅಪರೂಪದ ವಸ್ತು ಈಗ ಬಾರ್ಕೂರಿನ ಅತ್ತೆಯ ಜಗಲಿಯಲ್ಲಿ ನಿನ್ನ ಕೈಗೆ ಬಂದಿದೆ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ಇದು ಕುಶಾಲಲ್ಲ. ಹೀಗೆ ಹೇಳಿ ನಾನು ಶುರು ಮಾಡಿದ್ದೆಲ್ಲ ಕುಶಾಲಾಗಿಯೇ ಮುಗಿದಿದೆ ಎನ್ನುವುದು ದಾಖಲೆಯಲ್ಲಿದೆ. ನಿನ್ನ ಸ್ಕೂಟಿ ಕೆಟ್ಟು ನಿಂತಾಗ ಅದರ ಫೋಟೊಕ್ಕೆ ಹೂವಿನ ಹಾರ ಬಿಡಿಸಿ, ಮತ್ತೆ ಹುಟ್ಟಿ ಬಾ ಎಂದು ಮೀನು ಮಾರ್ಕೆಟಿನೆದುರು ಫ್ಲೆಕ್ಸ್ ಕಟ್ಟಿಸಿದವನೂ ನಾನೇ. ಆದರೆ ಈ ಸಲ ಅಪ್ಪಯ್ಯನ ವಿಷಯ. ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಮೀನುಗಾರರ ಸಂಘದ ಸಭೆ. ಇಪ್ಪತ್ತೆರಡು ವರ್ಷ ಉಮಾನಾಥಣ್ಣನ ಬೋಟಿಗೆ ತಂಡೇಲರಾಗಿ ಚುಕ್ಕಾಣಿ ಹಿಡಿದ ಅಪ್ಪಯ್ಯ ಅವತ್ತು ಎದ್ದು ನಿಂತು, ಇನ್ನು ನಾನು ಹಿಡಿಯುವುದಿಲ್ಲ ಎಂದು ಹೇಳುವವರಿದ್ದಾರೆ. ಯಾರೂ ಬಿಡಿ ಅಂದಿಲ್ಲ. ತನ್ನ ನೆನಪು ಕೆಟ್ಟಿತು ಎಂದು ಅವರೇ ನಂಬಿದ್ದಾರೆ. ಕೆಟ್ಟಿಲ್ಲ ಅಕ್ಕ. ಅದನ್ನು ಅವರಿಗೆ ತಿಳಿಸುವುದು ನನ್ನಿಂದ ಆಗುತ್ತಿಲ್ಲ. ಅದಕ್ಕೇ ನೀನು ಶನಿವಾರ ಸಂಜೆಯೊಳಗೆ ಮನೆಗೆ ಬರಬೇಕು.

ಫೋನಿನಲ್ಲಿ ನೀನು ಕೇಳಿದ್ದು ಅರ್ಧ, ಬೈದದ್ದು ಒಂದೂವರೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮ ಪ್ರಫುಲ್ಲಾ ಮೇಡಂ ಮನಃಶಾಸ್ತ್ರದ ಕ್ಲಾಸಿನಲ್ಲಿ ಒಂದು ದಿನ, ಕಣ್ಣು ತೆರೆದಿದ್ದ ಮಾತ್ರಕ್ಕೆ ಕಂಡಿತು ಅಂತಲ್ಲ ಎಂದರು. ಗಮನ ಎನ್ನುವುದು ಟಾರ್ಚಿದ್ದ ಹಾಗಂತೆ. ಬೆಳಕು ಬಿದ್ದಲ್ಲಿ ಮಾತ್ರ ಪ್ರಪಂಚ ಉಂಟು, ಉಳಿದದ್ದು ಮೂಗಿನೆದುರು ಇದ್ದರೂ ಇಲ್ಲ. ಯಾವುದಾದರೂ ಎಣಿಕೆಯಲ್ಲಿ ಮುಳುಗಿದವರ ನಡುವೆ ಏನೇ ವಿಚಿತ್ರ ಹಾದು ಹೋದರೂ ಎಷ್ಟೋ ಜನಕ್ಕೆ ಕಾಣುವುದಿಲ್ಲ, ಬೇಕಾದರೆ ನಿಮ್ಮ ಊರಲ್ಲೇ ಪರೀಕ್ಷೆ ಮಾಡಿ ಎರಡು ಪುಟ ಬರೆದು ತನ್ನಿ ಅಂದರು. ಉಳಿದವರು ಮರ್ಯಾದಸ್ಥರು. ಸುಶಾಂತ್ ಕ್ಯಾಂಟೀನಿನಲ್ಲಿ ಇಸ್ಪೀಟ್ ಎಲೆ ಇಟ್ಟುಕೊಂಡು ಏನೋ ಮಾಡಿದ. ನಾನು ಹುಲಿ ಬಿಟ್ಟೆ.

ನೆರೆಮನೆಯ ಮನೀಷನ ಅಟ್ಟದಲ್ಲಿ ನವರಾತ್ರಿ ಹುಲಿವೇಷದ ತಲೆಯೂ ಬಾಲವೂ ಇನ್ನೂ ಹಾಗೇ ಇದ್ದವು. ಕಳೆದ ಮಂಗಳವಾರವಲ್ಲ, ಅದರ ಹಿಂದಿನ ಮಂಗಳವಾರ, ಐದನೇ ತಾರೀಕು, ಮಧ್ಯಾಹ್ನ ಮೂರು ಗಂಟೆ. ಬೋಟು ಕಟ್ಟುವ ಧಕ್ಕೆಯಲ್ಲಿ ಒಂದು ಬೋಟಿನಿಂದ ಬಂಗುಡೆ ಮೀನು ಇಳಿಯುತ್ತಿತ್ತು. ನಾನು ಐಡಿ ಕಾರ್ಡನ್ನು ಕೊರಳಿಗೆ ತೂಗುಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು, ಕೇಂದ್ರ ಸರ್ಕಾರದವನ ಮುಖ ಮಾಡಿ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದೆ. ನೀಲಿ ಬುಟ್ಟಿ ಎಷ್ಟು ಇಳಿಯುತ್ತದೆ ಎಣಿಸಿ, ಕೆಂಪು ಬುಟ್ಟಿ ಬಿಡಿ, ತಪ್ಪಿದರೆ ಇಡೀ ಅಧ್ಯಯನವೇ ಹಾಳು ಎಂದೆ. ಫೋನನ್ನು ಐಸ್ ಪೆಟ್ಟಿಗೆಯ ಮೇಲೆ ಒರಗಿಸಿ ವಿಡಿಯೊಕ್ಕೆ ಇಟ್ಟೆ. ಅವರು ಎಣಿಸತೊಡಗಿದ ಮೇಲೆ ಹುಲಿ ಬಂತು. ಬಣ್ಣದ ಕೊಡೆ ಹಿಡಿದು ಬಂತು. ನಡುವೆ ನಿಂತು ಮೈ ಕೆರೆದುಕೊಂಡಿತು. ಹೋಯಿತು.

ಹನ್ನೊಂದರಲ್ಲಿ ಎಂಟು ಜನ ಹುಲಿಯನ್ನು ಕಾಣಲಿಲ್ಲ! ಅದರಲ್ಲೂ ಮೀನಿನ ಬುಟ್ಟಿ ಹೊರುವ ನಮ್ಮ ಜಲಜಕ್ಕ. ಹುಲಿಯ ಬಾಲ ಅವರ ಮೊಣಕೈಗೆ ತಾಗಿತ್ತು. ತಲೆ ಎತ್ತದೆ, ಹ್ವಾಯ್ ಬದಿಗ್ ನಿಲ್ಲಾ ಎಂದು ಅದನ್ನು ದೂಡಿ ಎಣಿಸುತ್ತಲೇ ಇದ್ದರು. ಆಮೇಲೆ ಕೇಳಿದರೆ, ಹುಲಿ ಬಂದ್ರೆ ನಂಗ್ ಗೊತ್ತಾತ್ತಿಲ್ಯಾ, ನಾ ಎಂತ ಕುರುಡಿಯಾ ಎಂದು ನನಗೇ ತಿರುಗಿಬಿದ್ದರು. ಅಪ್ಪಯ್ಯ ಸಾಲಿನ ತುದಿಯಲ್ಲಿದ್ದರು. ಅವರೂ ಕಂಡಿರಲಿಲ್ಲ. ಮನೀಷ್ ತಲೆ ತೆಗೆದು ಬೆವರು ಒರೆಸುತ್ತ ಎದುರು ನಿಂತಾಗ ಎಲ್ಲರೂ ನಕ್ಕ ನಗೆ ಹೊಳೆಯಾಚೆಯ ಕೋಡಿಯವರೆಗೆ ಕೇಳಿರಬೇಕು. ನಾನು ವಿಜ್ಞಾನಿಯಾದ ದಿನ ಅದು.

ಆ ಸಂಜೆಯೇ ಬೋಟು ಹೋದದ್ದು.

ಧಕ್ಕೆಯ ಕಟ್ಟಳೆ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಕಂಬಕ್ಕೆ ನಾಲ್ಕು ಬೋಟಿನ ಹಗ್ಗ. ಯಾರಿಗಾದರೂ ದಾರಿ ಬೇಕಾದರೆ, ತನ್ನ ಹಗ್ಗ ಅಡಿಯಲ್ಲಿದ್ದರೆ, ಇನ್ನೊಬ್ಬರ ಕುಣಿಕೆ ತೆಗೆಯಬಹುದು. ಕೇಳಬೇಕೆಂದಿಲ್ಲ. ಆದರೆ ತೆಗೆದವನೇ ತಿರುಗಿ ಹಾಕಬೇಕು, ಹಾಕಿ ಆದ ಮೇಲೆಯೇ ಬೇರೆ ಕಡೆ ಕಣ್ಣು. ನಾವಿಬ್ಬರೂ ಅದನ್ನು ಅ ಆ ಇ ಈಗಿಂತ ಮೊದಲೇ ಕಲಿತವರು. ಅವತ್ತು ಅಪ್ಪಯ್ಯನ ಬೋಟಿನ ಮುಂದಿನ ಹಗ್ಗ ಕಂಬಕ್ಕಿತ್ತು, ಹಿಂದಿನದು ಪಕ್ಕದ ಬೋಟಿಗೆ. ಪಕ್ಕದ ಬೋಟಿನವರು ಸಂಜೆ ಹೊರಡುವಾಗ, ಮುಂದೆ ಕಂಬಕ್ಕೆ ಕಟ್ಟಿದೆಯಲ್ಲ ಎಂಬ ಧೈರ್ಯದಲ್ಲಿ ಹಿಂದಿನದನ್ನು ಬಿಚ್ಚಿ ಒಳಗೆಸೆದು ಹೋದರು. ಮುಂದಿನದು ಕಂಬದಲ್ಲಿ ಇರಲೇ ಇಲ್ಲ. ನೀರು ಇಳಿಯುವ ಹೊತ್ತು. ಬೋಟು ತನ್ನಷ್ಟಕ್ಕೆ ತಾನು ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಗೆ ಹೊರಟು, ಕಲ್ಲಿಗೆ ಬಡಿದು ಬದಿಯ ಹಲಗೆ ಒಡೆದುಕೊಂಡಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಕುಣಿಕೆ ತೆಗೆದವರು ಯಾರು? ಹಾಕದೆ ಬಿಟ್ಟವರು ಯಾರು? ಆ ಸಂಜೆ ಅಪ್ಪಯ್ಯನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಬಂದ್ ಕೂಡ್ಲೇ ಹಾಕಿದ್ದೆ, ಆಮೇಲ್ ಮುಟ್ಟಲಿಲ್ಲೆ ಎಂದು ಎಲ್ಲರೆದುರು ಹೇಳಿದರು. ಉಮಾನಾಥಣ್ಣ ದೊಡ್ಡ ಮನುಷ್ಯ. ಆಯ್ತ್ ಬಚ್ಚಣ್ಣ, ಹಲ್ಗಿ ಹಾಕ್ಸುವ, ಬಿಡಿ ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯದಂತೆ ಮಾಡಿದವನು ನಾನು. ಮರುದಿನ ಉಣ್ಣಲು ಕೂತಾಗ, ಹೊಸದಾಗಿ ಹುಟ್ಟಿದ ವಿಜ್ಞಾನಿ ಬಾಯಿ ಬಿಟ್ಟ. ಅಪ್ಪಯ್ಯ, ನೆನಪು ಅಂದ್ರೆ ಫೋಟೊ ಅಲ್ಲ ಎಂದೆ. ನೆನೆಸಿದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕೈಗೆ ಸಿಕ್ಕ ಹಳೇ ಹಲಗೆಯನ್ನೂ ಸೇರಿಸಿಕೊಂಡು ಎಂದೆ. ದಿನಾ ಮಾಡುವ ಕೆಲಸ ಇವತ್ತು ಮಾಡಿದ್ದೋ ನಿನ್ನೆಯದೋ ಎಂದು ಯಾರಿಗೂ ಹೇಳಲಾಗುವುದಿಲ್ಲ, ನೀವು ಹಾಕಿದ್ದು ಸೋಮವಾರದ ನೆನಪಾಗಿರಬಹುದು, ಹುಲಿ ಎದುರು ನಿಂತದ್ದೇ ನಿಮಗೆ ಕಾಣಲಿಲ್ಲ ಅಲ್ಲವಾ ಎಂದೆ. ಅಮ್ಮ ಸೌಟು ಎತ್ತಿ, ಹೆಚ್ಚ್ ಕಲ್ತದ್ದ್ ಸಾಕ್, ಮೀನ್ ತಿನ್ ಎಂದರು. ಅಪ್ಪಯ್ಯ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆಯಲು ಎದ್ದರು.

ಗುರುವಾರ ಅವರು, ಹೌದಾ, ಸೋಮವಾರದ್ ನೆನ್ಪೇ ಇದ್ರೂ ಇಪ್ಪುಕ್ ಸಾಕ್ ಎಂದರು. ಶುಕ್ರವಾರ, ಹಗ್ಗ ಕೈಯಲ್ಲ್ ಹಿಡ್ದ ಹಾಂಗ್ ನೆನ್ಪ್ ಇತ್ತ್ ಎಂದರು. ಶನಿವಾರ ಬೆಳಿಗ್ಗೆ ಚಾ ಕುಡಿಯುತ್ತ ಪೂರ್ತಿ ಕತೆ ಬಂತು. ಜಲಜ ಬುಟ್ಟಿ ಹೊತ್ಕಂಡ್ ಬಂತ್, ದಾರಿ ಬಿಡಿ ಅಂತ್, ನಾ ಕುಣಿಕೆ ತೆಗ್ದೆ, ಅಷ್ಟೊತ್ತಿಗ್ ಯಾರೋ ಕರ್ದಿರ್, ಮರ್ತೇ ಹೋಯ್ತ್. ಜಲಜಕ್ಕನ ಬುಟ್ಟಿಯ ಬಣ್ಣವನ್ನೂ ಹೇಳಿದರು, ಹಗ್ಗ ಒದ್ದೆಯಾಗಿದ್ದದ್ದನ್ನೂ ಹೇಳಿದರು. ನಾನು ಜಲಜಕ್ಕನ ಹತ್ತಿರ ಓಡಿದೆ. ಅವರು ಒಂದು ಗಳಿಗೆ ಆಕಾಶ ನೋಡಿ, ಹೌದ್ ಮಾರಾಯಾ, ನಾನೇ ಕೇಳಿದ್ದ್, ಪಾಪ ನಿನ್ನಪ್ಪಯ್ಯ ತೆಗ್ದಿರ್ ಎಂದರು. ಹುಲಿ ಬಾಲವನ್ನು ಕೈಯಲ್ಲಿ ದೂಡಿಯೂ ಕಾಣದ ಹೆಂಗಸು!

ನನ್ನ ತಲೆಯ ಅವಸ್ಥೆಯನ್ನೂ ಕೇಳು. ಅಪ್ಪಯ್ಯ ಕುಣಿಕೆ ಹಾಕಿದ್ದು ನನಗೆ ನೆನಪಿದೆ. ಕಂಬದ ಹತ್ತಿರ ಬಗ್ಗಿ, ಹಾಕಿ, ಎರಡು ಸಲ ಜಗ್ಗಿ ನೋಡಿ, ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅವರು ಬೋಟು ಕಟ್ಟಿದ್ದು ಒಂದೂವರೆಗೆ. ನಾನು ಧಕ್ಕೆಗೆ ಬಂದದ್ದೇ ಎರಡೂವರೆಗೆ. ಹಾಗಾದರೆ ನಾನು ಕಂಡದ್ದು ಯಾವ ದಿನದ ಅಪ್ಪಯ್ಯನನ್ನು? ನೂರು ಸಲ ಕಂಡ ಅಪ್ಪಯ್ಯನೊಬ್ಬನನ್ನು ಮನಸ್ಸು ತಂದು ಆ ಮಂಗಳವಾರದ ಕಂಬದ ಹತ್ತಿರ ನಿಲ್ಲಿಸಿದೆ. ಕಾಣದ್ದು ನನಗೆ ನೆನಪಿದೆ, ಮಾಡದ್ದು ಅಪ್ಪಯ್ಯನಿಗೆ ನೆನಪಿದೆ, ಕೇಳದ್ದು ಜಲಜಕ್ಕನಿಗೆ ನೆನಪಿದೆ. ಹೀಗಿದ್ದರೂ ನಾವು ಮೂವರೂ ಆ ದಿನ ಒಂದೇ ಧಕ್ಕೆಯಲ್ಲಿದ್ದೆವು ಎನ್ನುವುದು ಮಾತ್ರ ನಿಜ. ಅದೂ ಈಗ ಗಟ್ಟಿಯಾಗಿ ಹೇಳಲು ಧೈರ್ಯವಿಲ್ಲ.

ಆ ಶನಿವಾರವೇ ನೀನು ಫೋನ್ ಮಾಡಿದ್ದು. ಅಪ್ಪಯ್ಯ ಹಾಕಿದ್ದನ್ನು ನೀನು ಕಂಡಿದ್ದೀಯಾ ಇಲ್ಲವಾ, ಒಂದೇ ಮಾತಲ್ಲಿ ಹೇಳು ಎಂದು ನೀನು ಕೇಳಿದೆ. ನಾನು, ಕಂಡೆ, ಆದರೆ ಕಂಡದ್ದು ನಿಜವಾ ಅಂತ ಹೇಳಲಾಗುವುದಿಲ್ಲ ಎಂದೆ. ಅಪ್ಪಯ್ಯನ ತಲೆ ಮೇಲೆ ಪ್ರಯೋಗ ಮಾಡುಕೆ ನಾಚ್ಕಿ ಆತ್ತಿಲ್ಯಾ ನಿಂಗೆ ಎಂದು ಹೇಳಿ ಇಟ್ಟವಳು ಇವತ್ತಿನವರೆಗೂ ಎತ್ತಲಿಲ್ಲ. ನಾನು ಅವತ್ತು ಜಾಣತನ ತೋರಿಸಿದ್ದಲ್ಲ ಅಕ್ಕ. ನಿಜವಾಗಿಯೂ ಗೊತ್ತಿರಲಿಲ್ಲ.

ನೀನಿಲ್ಲದೆ ಮನೆಯಲ್ಲಿ ನಡೆಯುತ್ತಿರುವುದು ಇಷ್ಟು. ಅಪ್ಪಯ್ಯ ಬಾಗಿಲು ಹಾಕಿ ಕೂತವರು ಎದ್ದು ಹೋಗಿ ಮತ್ತೆ ನೋಡುತ್ತಾರೆ. ಕೂತು, ಮತ್ತೆ ಏಳುತ್ತಾರೆ. ಗ್ಯಾಸ್ ಬಂದ್ ಮಾಡಿದ್ದನ್ನು ಅಮ್ಮನ ಹತ್ತಿರ ಗಟ್ಟಿಯಾಗಿ ಹೇಳಿಸುತ್ತಾರೆ. ಮಾತ್ರೆ ತಿಂದ ಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾರೆ, ಆಮೇಲೆ ಗೀಟು ಇವತ್ತಿನದಾ ಎಂದು ಸಂಶಯ. ದೊಡ್ಡಪ್ಪ ಕೊನೆಕೊನೆಗೆ ನಮ್ಮ ಬಾಗಿಲಿಗೆ ಬಂದು, ನನ್ ಮನೆ ಎಲ್ಲಿ ಅಂಬುದ್ ಹೇಳ್ತ್ರ್ಯಾ ಎಂದು ಅಪ್ಪಯ್ಯನನ್ನೇ ಕೇಳುತ್ತಿದ್ದದ್ದು ನಿನಗೆ ಗೊತ್ತಲ್ಲ. ಈಗ ಅಪ್ಪಯ್ಯ ಅಮ್ಮನಿಗೆ, ಅಣ್ಣಂಗೂ ಹೀಂಗೇ ಶುರುವಾದ್ದ್ ಎಂದರಂತೆ. ಅಮ್ಮ ಅದನ್ನು ನನಗೆ ಹೇಳಿ, ಅವರೆದುರು ನಗ್ತಾ ಇರ್, ಅವ್ರಿಗ್ ಗೊತ್ತಾಪ್ಕ್ ಆಗ ಎಂದರು.

ಏಳ್ ಜನ ನನ್ ನಂಬ್ಕಂಡ್ ಬೋಟ್ ಹತ್ತ್‌ತ್ರ್, ಕುಣಿಕೆ ಮರ್ತವ ನಾಳೆ ಕಲ್ಲ್ ಮರಿತ, ಎಂದು ಅಪ್ಪಯ್ಯ ಅಂದದ್ದು ಸೋಮವಾರ. ಸಮುದ್ರದಡಿಯ ಕಲ್ಲು. ಉಮಾನಾಥಣ್ಣ, ಈಗ ಯಂತ್ರ ತೋರಿಸುತ್ತದಲ್ಲ ಬಚ್ಚಣ್ಣ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಭೆಯಲ್ಲೇ ಹೇಳಿ ಬಿಡುವುದು ಎಂದು ನಿಶ್ಚಯ ಮಾಡಿದರು.

ನಿನ್ನೆ, ಬುಧವಾರ ಮಧ್ಯಾಹ್ನ, ನನ್ನನ್ನು ಕರೆದು ಪುಸ್ತಕ ತಾ ಎಂದರು. ಅಪ್ಪಯ್ಯ ನನ್ನನ್ನು ಬರೆಯಲು ಕೂರಿಸಿದ್ದು ಇದೇ ಮೊದಲು. ತಲೆಯಲ್ಲಿರುವ ಗುರುತುಗಳನ್ನೆಲ್ಲ ಬರೆದುಕೋ, ಮುಂದಿನ ತಂಡೇಲನಿಗೆ ಬೇಕಾಗುತ್ತದೆ, ನನಗೆ ಪೂರ್ತಿ ಹೋಗುವ ಮೊದಲು ಎಂದರು. ಕೋಡಿಯ ದೀಪದ ಕಂಬ ತೆಂಗಿನ ಗುಂಪಿನಿಂದ ಎರಡು ಬೆರಳು ಎಡಕ್ಕೆ ಸರಿದು, ಒತ್ತಿನೆಣೆ ಗುಡ್ಡದ ಬೋಳು ತಲೆ ಬೋಟಿನ ಮೂತಿಗೆ ನೇರ ಬಂದರೆ ಅಡಿಯಲ್ಲಿ ಕಲ್ಲು, ಬಲೆ ಬಿಡಬಾರದು. ಗುಡ್ಡ ಮೋಡದಲ್ಲಿದ್ದರೆ ಯಾವುದು, ಮಳೆಗಾಲ ಮುಗಿದ ಹೊಸತರಲ್ಲಿ ಯಾವುದು. ಕಣ್ಣು ಮುಚ್ಚಿ, ಕೈಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಹೇಳುತ್ತಾ ಹೋದರು. ಮೂವತ್ತನಾಲ್ಕು ಜಾಗ ಅಕ್ಕ. ಒಂದನ್ನೂ ಎರಡು ಸಲ ಹೇಳಲಿಲ್ಲ, ಒಂದಕ್ಕೂ ತಡವರಿಸಲಿಲ್ಲ. ಮುಗಿಸಿ ಕಣ್ಣು ಬಿಟ್ಟು, ಎಲ್ಲಾ ಹೇಳಿನಾ ಕಾಣ್, ಈಗೀಗ ನಂಗ್ ನೆನ್ಪ್ ಉಳಿತಿಲ್ಲೆ ಎಂದರು.

ನನಗೆ ಅಲ್ಲಿ ಕೂತಿರಲು ಆಗಲಿಲ್ಲ. ಹಿತ್ತಲಿಗೆ ಹೋದೆ. ಈ ಮನುಷ್ಯನಿಗೆ ಮರೆವು ಬಂದಿಲ್ಲ ಎಂದು ತೋರಿಸುವ ಏನಾದರೂ ಸಾಕ್ಷಿ ಬೇಕು ಎಂದು ಆ ದಿನದ ವಿಡಿಯೊ ತೆರೆದೆ. ನಾಲ್ಕು ನಿಮಿಷದ್ದು. ಈ ಸಲ ಹುಲಿಯನ್ನು ನೋಡಬಾರದು, ಕಂಬವನ್ನು ಮಾತ್ರ ನೋಡಬೇಕು ಎಂದು ಕಂಬದ ಮೇಲೆಯೇ ಕಣ್ಣಿಟ್ಟೆ. ಅಪ್ಪಯ್ಯ ಕಂಬದ ಹತ್ತಿರ ಬರಲೇ ಇಲ್ಲ. ಜಲಜಕ್ಕನೂ ಬರಲಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಒಂದು ಕೈ ಬಂತು. ಕಂಬದಿಂದ ಕುಣಿಕೆ ಎತ್ತಿತು, ಬದಿಗೆ ಹಾಕಿತು, ಹೋಯಿತು. ಬಗ್ಗಿದವನ ಕೊರಳಿನಿಂದ ಐಡಿ ಕಾರ್ಡು ಜೋಲಾಡುತ್ತಿತ್ತು.

ನಾನೇ.

ಯಾಕೆ ಎಂದು ಈಗ ಊಹಿಸಬಲ್ಲೆ. ಹಗ್ಗ ಮೊಣಕಾಲೆತ್ತರಕ್ಕೆ ದಾರಿಗೆ ಅಡ್ಡ ಇತ್ತು. ಹುಲಿಯ ತಲೆಯೊಳಗಿನಿಂದ ಮನೀಷನಿಗೆ ಪಾದ ಕಾಣುವುದಿಲ್ಲ, ಎಡವಿ ಬಿದ್ದರೆ ಆಟ ಕೆಡುತ್ತದೆ. ಕೈ ತನ್ನಷ್ಟಕ್ಕೆ ತೆಗೆದಿದೆ. ವಿಡಿಯೊದಲ್ಲಿ ನಾನು ಹಗ್ಗದ ಕಡೆ ನೋಡಿಯೂ ಇಲ್ಲ. ನನ್ನ ಕಣ್ಣು ಪೂರ್ತಿ ಎಣಿಸುವವರ ಮುಖದ ಮೇಲಿದೆ, ಯಾರು ಹುಲಿಯನ್ನು ಕಾಣುತ್ತಾರೆ ಎಂದು ಕಾಯುತ್ತಿದೆ. ಹನ್ನೊಂದು ಜನರ ಗಮನವನ್ನು ಪರೀಕ್ಷೆ ಮಾಡಲು ಹೋದ ವಿಜ್ಞಾನಿಗೆ ತನ್ನ ಬಲಗೈ ಎಲ್ಲಿ ಹೋಗಿ ಬಂತೆಂದು ಗೊತ್ತಾಗಲಿಲ್ಲ. ಆಮೇಲೆ ನಗೆ, ಗಲಾಟೆ. ತೆಗೆದವನು ಹಾಕಲಿಲ್ಲ.

ಆ ಕುಣಿಕೆ ಎತ್ತಿದ್ದು ನನಗೆ ಇವತ್ತಿಗೂ ನೆನಪಿಲ್ಲ. ವಿಡಿಯೊವನ್ನು ಇಪ್ಪತ್ತು ಸಲ ನೋಡಿದೆ. ಬೇರೆ ಯಾರನ್ನೋ ನೋಡಿದ ಹಾಗೆಯೇ ಇದೆ.

ಕೂಡಲೇ ಒಳಗೆ ಹೋಗಿ ಅಪ್ಪಯ್ಯನಿಗೆ, ನಾನೇ ತೆಗೆದದ್ದು ಎಂದೆ. ಅವರು ಎಂಟು ದಿನದಲ್ಲಿ ಮೊದಲ ಸಲ ನಕ್ಕರು. ಹುಟ್ಟಿದಲ್ಲಿಂದ ಸುಳ್ ಹೇಳ್ತಾ ಇದ್ದಿ ಮಗಾ, ಇದೊಂದ್ ಲಾಯ್ಕಿತ್ತ್ ಎಂದರು. ವಿಡಿಯೊ ತೋರಿಸಿದೆ. ಹುಲಿ ಬಂದಾಗ, ಹೋ ಇದಾ ಹುಲಿ ಎಂದು ನಕ್ಕರು. ಮತ್ತೆ ತೋರಿಸಿದೆ, ಮತ್ತೆ ಹುಲಿಯನ್ನೇ ನೋಡಿದರು. ಕಡೆಗೆ ನಾನು ಕಂಬದ ಮೇಲೆ ಬೆರಳಿಟ್ಟು, ಈ ಕೈ ಯಾರದ್ದು ಎಂದು ಕೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ನಂದೇ ಅಲ್ದಾ ಎಂದರು. ಐಡಿ ಕಾರ್ಡು ಎಂದೆ. ಅದ್ ನನ್ ಬೈರಾಸ ಎಂದರು. ಹೆಗಲಿಗೆ ಹಾಕುವ ಟವೆಲು ಅವರಿಗೆ ಅಲ್ಲಿ ನಿಜವಾಗಿಯೂ ಕಂಡಿತು ಅಕ್ಕ. ಆಮೇಲೆ ಅಮ್ಮನನ್ನು ಕರೆದು, ಕಾಣ್, ಮಗ ನನ್ನ್ ಉಳ್ಸುಕೆ ತಪ್ಪ್ ತನ್ ತಲಿ ಮೇಲ್ ಹಾಕ್ಕಣ್ತಾ ಇದ್ದ ಎಂದು ಹೆಮ್ಮೆಯಿಂದ ಹೇಳಿದರು. ಅಮ್ಮ ನನ್ನ ತಲೆ ಸವರಿದರು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲ ನಿಜ ಹೇಳಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆ ಇದು. ಇದಕ್ಕಿಂತ ಸೌಟಿನ ಪೆಟ್ಟು ಆಗುತ್ತಿತ್ತು.

ಅದಕ್ಕೆ ನೀನು ಬೇಕು. ನಿನ್ನ ಮಾತನ್ನು ಅಪ್ಪಯ್ಯ ಕೇಳುತ್ತಾರೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಎಂಬ ಗೌರವವೂ ಇದೆ. ಅವರ ಕನ್ನಡಕ ಮೀನಿನ ಬಲೆಗಳ ಕೆಳಗೆಲ್ಲೋ ಇದೆ, ಹುಡುಕಿ ಇಡುತ್ತೇನೆ. ಅತ್ತೆ ಮನೆಯ ಲ್ಯಾಪ್‌ಟಾಪ್ ತಾ, ಪರದೆ ದೊಡ್ಡದಿದೆ. ಆದರೆ ದಯವಿಟ್ಟು ಅವರಿಗೆ ಏನೂ ಹೇಳಬೇಡ. ಇಕಾ ಕಾಣಿ ಎಂದು ಬೆರಳಿಡಬೇಡ. ಬೆರಳಿಟ್ಟರೆ ಅವರು ಕಾಣುವುದಿಲ್ಲ, ಒಪ್ಪಿಕೊಳ್ಳುತ್ತಾರೆ, ಇಲ್ಲವೆ ಹಟ ಹಿಡಿಯುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ವಿಡಿಯೊವನ್ನು ಹುಲಿ ಬರುವ ಮೊದಲೇ ನಿಲ್ಲಿಸು. ಕಂಬದಲ್ಲಿ ಎಷ್ಟು ಹಗ್ಗ ಇದೆ ಎಣಿಸಿ ಹೇಳಿ ಎಂದಷ್ಟೇ ಕೇಳು. ಹಗ್ಗ ಎಣಿಸುವುದೆಂದರೆ ಅಪ್ಪಯ್ಯನಿಗೆ ಬೇರೆ ಪ್ರಪಂಚ ಇಲ್ಲ. ನಾಲ್ಕಿದ್ದದ್ದು ಮೂರಾಗುವುದನ್ನು ಅವರೇ ಕಾಣಲಿ. ಕೈ ಯಾರದ್ದು ಎಂದು ಅವರೇ ಕೇಳಲಿ.

ಅವರು ಕಂಡರೂ ಸರಿ, ಕಾಣದಿದ್ದರೂ ಸರಿ, ಆದಿತ್ಯವಾರ ಸಭೆಯಲ್ಲಿ ನಾನು ಮೊದಲು ಎದ್ದು ನಿಲ್ಲುತ್ತೇನೆ. ನಾನು ಎದ್ದ ಕೂಡಲೇ ಅರ್ಧ ಜನ ನಗಲು ಶುರು ಮಾಡುತ್ತಾರೆ, ಇವ ಈಗ ಎಂತದೋ ಬಿಡ್ತ ಎಂದು. ನಗಲಿ. ನಕ್ಕು ಮುಗಿಯುವವರೆಗೆ ನಿಂತೇ ಇರುತ್ತೇನೆ. ಆದರೆ ನನ್ನ ಮಾತು ಸಭೆ ನಂಬಿದರೂ ಅಪ್ಪಯ್ಯ ನಂಬದಿದ್ದರೆ ಬೋಟು ಅವರಿಗೆ ವಾಪಸು ಸಿಕ್ಕಿ ಏನು ಬಂತು? ಅವರು ಬಾಗಿಲು ನೋಡಲು ಏಳುತ್ತಲೇ ಇರುತ್ತಾರೆ. ಅದನ್ನು ನಿಲ್ಲಿಸಲು ನಿನ್ನಿಂದ ಮಾತ್ರ ಆಗುತ್ತದೆ. ಬೈಯಲಿಕ್ಕಾದರೂ ಬಾ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಇದು ಸಾವಿನ ಕಾಗದವಲ್ಲ ಎಂದು ಮೊದಲೇ ಹೇಳಿ ಬಿಡು, ಪಾಪ, ಲಕೋಟೆ ನೋಡಿ ಹೆದರಿರುತ್ತಾರೆ.

ನಿನ್ನ ಬ್ಲಾಕ್ ಪಟ್ಟಿಯ ಏಕೈಕ ಆಜೀವ ಸದಸ್ಯ,
ಮತ್ತು ಏನೇ ಆದರೂ ನಿನ್ನ ತಮ್ಮ,
ಅಕ್ಷಯ್

ತಾ.ಕ.: ಲಕೋಟೆಗೆ ಗೋಂದು ಹಚ್ಚಿ ಆಗಿತ್ತು, ತೆರೆದು ಇದನ್ನು ಸೇರಿಸುತ್ತಿದ್ದೇನೆ. ನಿನಗೆ ತೋರಿಸಲು ವಿಡಿಯೊ ಹುಡುಕುವಾಗ ಫೋನಿನಲ್ಲಿ ಇನ್ನೊಂದು ಸಿಕ್ಕಿತು. ಪ್ರಫುಲ್ಲಾ ಮೇಡಂಗೆ ಕಳಿಸಲು ನಾನು ಅದೇ ಸಂಜೆ ಕತ್ತರಿಸಿದ ಚಿಕ್ಕ ತುಣುಕು. ಹುಲಿ ಪೂರ್ತಿ ಇದೆ. ಆದರೆ ಅದು ಶುರುವಾಗುವುದು ಒಂದು ನಿಮಿಷ ನಲವತ್ತಮೂರಕ್ಕೆ, ನನ್ನ ಕೈ ಹಗ್ಗ ಬಿಟ್ಟು ಪರದೆಯಿಂದ ಆಚೆ ಹೋದ ಮರುಕ್ಷಣ. ಬೋಟು ಹೋದ ಸುದ್ದಿ ಬರುವ ಮೊದಲೇ ಕತ್ತರಿಸಿದೆ ಎಂದು ನನ್ನ ನೆನಪು. ಸುದ್ದಿ ಬಂದದ್ದು ಆರಕ್ಕೆ, ಆಗ ದೀಪ ಹಚ್ಚುತ್ತಿದ್ದೆ ಎಂದು ಅಮ್ಮ ಹೇಳುತ್ತಾರೆ. ತುಣುಕು ಆರೂ ಹನ್ನೆರಡಕ್ಕೆ ಕತ್ತರಿಸಿದ್ದು ಎಂದು ಫೋನು ಹೇಳುತ್ತದೆ. ಹುಲಿ ಬರುವ ಹೊತ್ತಿಗೆ ಸರಿಯಾಗಿ ಕತ್ತರಿಸಿರಬಹುದು. ಇಲ್ಲವೆ ಕೈಯನ್ನು ಕಂಡೇ ಕತ್ತರಿಸಿರಲೂಬಹುದು. ಮರುದಿನ ಊಟಕ್ಕೆ ಕೂತಾಗ ಅಪ್ಪಯ್ಯನಿಗೆ ಅಷ್ಟುದ್ದದ ಪಾಠ ನಾನೇಕೆ ಮಾಡಿದೆ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ನನ್ನ ಕೈಯನ್ನು ನಿನ್ನೆ ಬುಧವಾರದವರೆಗೆ ನಾನು ಕಂಡಿರಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ, ಅಕ್ಕ. ಕುಣಿಕೆ ತೆಗೆದದ್ದು ಅಪ್ಪಯ್ಯನಿಗೂ ಅಷ್ಟೇ ಚೆನ್ನಾಗಿ ನೆನಪಿದೆ.